ಮುದುಕರ ಮದ್ದಿಗೆ ಬರೆದ ಅರ್ಜಿಗಳು

ಅರ್ಜಿ ಬರೆದುಕೊಡುವವನ ಎದುರು ಏನಾದರೊಂದು ತಮಾಷೆ ನಡೆಯುತ್ತಲೇ ಇರುತ್ತದೆ. ಅದರಲ್ಲೂ ಎದುರಿಗೆ ಕೂತವರು ವಯಸ್ಸಾದವರು, ಅವರು ಕೇಳುತ್ತಿರುವುದು ಔಷಧಿ ಅಂದರೆ, ಅಲ್ಲಿ ನಗು ಬಂದುಬಿಡುತ್ತದೆ. ನಗಬಾರದಿತ್ತು ಅಂತ ಅನಿಸುವುದು ಮನೆಗೆ ಹೋಗಿ ಚಪ್ಪಲಿ ಬಿಟ್ಟ ಮೇಲೆ.

ಎಪ್ಪತ್ತರ ದಶಕದ ಕೊನೆಗೆ ನಾನು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಅನ್ನುವ ಕೈಗಾರಿಕಾ ವಸಾಹತಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ಟೈಮ್ ಆಫೀಸಿನ ಕ್ಲಾರ್ಕ್ ಆಗಿದ್ದೆ. ಹಾಜರಿ, ರಜೆಗಳ ಜೊತೆಗೆ ಕಾರ್ಮಿಕರ ಆರೋಗ್ಯ ವಿಮೆಯ ಕಾಗದಗಳೂ ನನ್ನ ಟೇಬಲ್ಲಿಗೇ ಬರುತ್ತಿದ್ದವು. ಪಗಾರದಲ್ಲಿ ಒಂದಿಷ್ಟು ಕಡಿತ, ಅದಕ್ಕೊಂದು ಕಾರ್ಡು. ಆ ಕಾರ್ಡು ತೋರಿಸಿದರೆ ವಿಮೆಯ ದವಾಖಾನೆಯಲ್ಲಿ ಪುಕ್ಕಟೆ ಮದ್ದು. ನೌಕರಿ ಮುಗಿದರೆ ಕಾರ್ಡೂ ಮುಗಿಯಿತು. ಅರವತ್ತರವರೆಗೆ ಗಟ್ಟಿಯಾಗಿದ್ದ ಮನುಷ್ಯನಿಗೆ ಕಾಯಿಲೆ ಶುರುವಾಗುವುದೇ ಅಲ್ಲಿಂದ ಮುಂದೆ ಅನ್ನುವುದು ಕಾಯಿದೆ ಮಾಡಿದವರಿಗೆ ಯಾಕೆ ಹೊಳೆಯಲಿಲ್ಲವೋ ನನಗೆ ಗೊತ್ತಿಲ್ಲ.

ಮುಂದೆ ಬರುವ ಕಾಯಿಲೆಗಳು

ನಮ್ಮ ಕಾರ್ಖಾನೆಯಲ್ಲಿ ಬಾಯ್ಲರಿನ ಮುಂದೆ ಇಪ್ಪತ್ತು ವರ್ಷ ನಿಂತ ಒಬ್ಬರಿದ್ದರು, ಗದಗಿನ ಕಡೆಯವರು. ಎಲ್ಲರೂ ಅವರಿಗೆ ಕಾಕಾ ಅನ್ನುತ್ತಿದ್ದರು. ಅಷ್ಟು ವರ್ಷದಲ್ಲಿ ಅವರು ದವಾಖಾನೆಯ ಮೆಟ್ಟಿಲು ಹತ್ತಿದ್ದು ಒಂದೋ ಎರಡೋ ಸಲ. ನಿವೃತ್ತಿಗೆ ಹದಿನೈದು ದಿನ ಇರುವಾಗ ನಾನು ಅವರಿಗೆ ಕಾರ್ಡು ಇಂಥ ದಿನದಿಂದ ನಡೆಯುವುದಿಲ್ಲ ಅಂತ ತಿಳಿಸಿದೆ. ಅವರು ಮರುದಿನಕ್ಕೆ ಅರ್ಧ ದಿನ ರಜೆ ಬರೆದುಕೊಟ್ಟರು. ನನ್ನನ್ನೂ ಜೊತೆಗೆ ಕರೆದರು. ಡಾಕ್ಟರು ಮರಾಠಿಯವರು, ತಮಗೆ ಆ ಭಾಷೆ ಬೆಂಕಿಯ ಮುಂದೆ ಕೂಗಾಡುವಷ್ಟೇ ಬರುತ್ತದೆ ಅಂತ ಅವರ ಅಂಬೋಣ.

ದವಾಖಾನೆಗೆ ಔಷಧಿಯ ಬಾಟಲಿ ನಾವೇ ಒಯ್ಯಬೇಕಾಗಿತ್ತು. ಕಾಕಾ ಕೈಚೀಲದಲ್ಲಿ ಆರು ಬಾಟಲಿ ತಂದಿದ್ದರು. ಡಾಕ್ಟರು ಏನಾಗಿದೆ ಅಂತ ಕೇಳಿದರು. ಸದ್ಯ ಏನೂ ಆಗಿಲ್ಲ, ಆದರೆ ಈ ತಿಂಗಳ ಕೊನೆಗೆ ಕಾರ್ಡು ನಿಲ್ಲುತ್ತದೆ, ಮುಂದೆ ಏನೇನು ಆಗುತ್ತದೋ ಅದಕ್ಕೆಲ್ಲ ಈಗಲೇ ಔಷಧಿ ಕೊಟ್ಟುಬಿಡಿ ಅಂತ ಕಾಕಾ ನನ್ನ ಬಾಯಿಂದ ಹೇಳಿಸಿದರು. ಡಾಕ್ಟರು ನಗಲಿಲ್ಲ. ಮುಂದೆ ಏನಾಗಬಹುದು ಅಂತ ಕೇಳಿದರು. ಕಾಕಾ ಬೆರಳು ಮಡಚುತ್ತ ಲೆಕ್ಕ ಕೊಟ್ಟರು: ಅಪ್ಪನಿಗೆ ಮೂಲವ್ಯಾಧಿ ಇತ್ತು, ಅಣ್ಣ ಎದೆನೋವಿನಿಂದ ಹೋದ, ಅವ್ವನಿಗೆ ಕೊನೆಗೆ ಕಾಲು ಬಾತಿದ್ದವು. ಡಾಕ್ಟರು ಎಲ್ಲ ಬರೆದುಕೊಂಡರು. ಕೊನೆಗೆ ಆರೂ ಬಾಟಲಿಗೆ ಆ ದವಾಖಾನೆಯಲ್ಲಿ ಎಲ್ಲ ರೋಗಕ್ಕೂ ಕೊಡುತ್ತಿದ್ದ ಅದೇ ಕೆಂಪು ನೀರನ್ನು ತುಂಬಿಸಿ ಕಳಿಸಿದರು.

ಒಂದು ವರ್ಷವಾದ ಮೇಲೆ ಅವರು ಸ್ಟೇಷನ್ನಿನ ಸೇತುವೆಯ ಕೆಳಗೆ ಸಿಕ್ಕರು. ಅವರವ್ವನಿಗೆ ಬಾತ ಹಾಗೇ ಅವರಿಗೂ ಕಾಲು ಬಾತಿದ್ದವು. ಹಳೆಯ ಕಾರ್ಡು ಹಿಡಿದು ದವಾಖಾನೆಗೆ ಹೋಗಿದ್ದರಂತೆ, ಕಿಟಕಿಯಲ್ಲಿದ್ದವನು ಈ ಕಾರ್ಡು ಸತ್ತಿದೆ ಅಂತ ಹೇಳಿ ಹಿಂದೆ ಕಳಿಸಿದನಂತೆ. ಹೊರಗಿನ ಡಾಕ್ಟರಿಗೆ ಕೊಡಲು ಹಣವಿಲ್ಲ. ಅವರೇ ನನಗೆ ಸಮಾಧಾನ ಮಾಡುವವರ ಹಾಗೆ ಅಂದರು: "ಹೋಗ್ಲಿ ಬಿಡ್ರಿ. ನನ್ನ ಕಾರ್ಡು ಪುಣ್ಯವಂತ. ಹಾಸಿಗಿ ಹಿಡೀಲಿಲ್ಲ, ನರಳಲಿಲ್ಲ, ಹೇಳಿದ ತಾರೀಕಿಗೆ ಸತ್ತ."

ಹಲ್ಲಿಲ್ಲದ ವಯಸ್ಸು

ಕಾಕಾ ಆ ಮಳೆಗಾಲ ದಾಟಲಿಲ್ಲ. ಅವರ ಮಣ್ಣಿಗೆ ಹೋಗಿ ಬಂದ ನಾಲ್ಕೈದು ಜನ ನಾವು ಊರಿನ ಕನ್ನಡ ಸಂಘದಲ್ಲಿ ಮಾತೆತ್ತಿದೆವು. ಠಾಣೆಯಲ್ಲಿ ಬಟ್ಟೆಯ ವ್ಯಾಪಾರ ಮಾಡುವ ಬೆಳಗಾವಿ ಕಡೆಯ ಸಾಹುಕಾರರೊಬ್ಬರು ಮುಂದೆ ಬಂದರು. ಹೀಗೆ ಕಾರ್ಡು ನಿಂತುಹೋದ, ಕಾರ್ಡೇ ಇಲ್ಲದ ಬಡ ವೃದ್ಧರ ಮದ್ದಿನ ಖರ್ಚಿಗೆ ಒಂದು ನಿಧಿ ಆಯಿತು. ಸಾಹುಕಾರರು ಅಧ್ಯಕ್ಷರು. ಪ್ರತಿ ರವಿವಾರ ಶಾಲೆಯ ಕೋಣೆಯೊಂದರಲ್ಲಿ ಕೂತು ಅರ್ಜಿ ಬರೆಯುವುದು ನನ್ನ ಪಾಲಿಗೆ ಬಂತು. ಅರವತ್ತು ತುಂಬಿರಬೇಕು, ಅದಕ್ಕೆ ದಾಖಲೆ ಬೇಕು ಅನ್ನುವುದು ಮೊದಲ ನಿಯಮ.

ಮೊದಲ ರವಿವಾರವೇ ಕಲ್ಯಾಣದಿಂದ ಒಬ್ಬ ಅಜ್ಜಿ ಬಂದರು. ಉಡುಪಿ ಕಡೆಯವರು. ಗಂಡ ಹೋಟೆಲಿನಲ್ಲಿ ದೋಸೆ ಭಟ್ಟರಾಗಿದ್ದವರು, ತೀರಿಕೊಂಡಿದ್ದರು. ಅಜ್ಜಿ ಮನೆಮನೆಗೆ ಹೋಗಿ ಅಕ್ಕಿ, ಉದ್ದು ರುಬ್ಬಿಕೊಡುತ್ತಿದ್ದರು. ಈಗ ಮಂಡಿ ಮಡಚಲು ಬರುತ್ತಿರಲಿಲ್ಲ. ವಯಸ್ಸಿಗೆ ದಾಖಲೆ ಕೇಳಿದೆ. ಇಲ್ಲ. ಹುಟ್ಟಿದ ವರ್ಷ ಕೇಳಿದೆ. ಹೊಳೆಗೆ ದೊಡ್ಡ ನೆರೆ ಬಂದ ವರ್ಷ ಅಂದರು. ಯಾವ ನೆರೆ ಅಂದರೆ, ದನ ತೇಲಿ ಹೋದ ನೆರೆ ಅಂದರು. ನಮ್ಮ ಸಂಘದಲ್ಲೊಬ್ಬರು ಡಾಕ್ಟರಿದ್ದರು. ಹಲ್ಲು ನೋಡಿ ಅಂದಾಜು ವಯಸ್ಸು ಬರೆದುಕೊಡುತ್ತೇನೆ ಅಂತ ಅಜ್ಜಿಯ ಬಾಯಿ ತೆರೆಸಿದರು. ಒಳಗೆ ಒಂದೂ ಹಲ್ಲಿರಲಿಲ್ಲ.

ಮಕ್ಕಳ ವಯಸ್ಸಿನಿಂದ ಲೆಕ್ಕ ಹಾಕೋಣ ಅಂತ ನಾನು ಅಂದೆ. ಅನ್ನಬಾರದಿತ್ತು. ಮೊದಲನೆಯದು ತನ್ನ ಹದಿನಾರನೆಯ ವಯಸ್ಸಿಗೆ ಹುಟ್ಟಿತು, ಇದ್ದಿದ್ದರೆ ಈಗ ಐವತ್ತು ಆಗುತ್ತಿತ್ತು ಅಂದರು ಅಜ್ಜಿ. ಎರಡನೆಯದು ಇದ್ದಿದ್ದರೆ ನಲವತ್ತೆಂಟು. ಮೂರನೆಯದು ಹೆಣ್ಣು, ಬಾಣಂತನದಲ್ಲಿ ಹೋಯಿತು, ಇದ್ದಿದ್ದರೆ ನಲವತ್ತೈದು. ಹೀಗೆ ಐದು ಮಕ್ಕಳು. ಇರುವವನು ಕೊನೆಯವನೊಬ್ಬ, ಸೂರತ್ತಿನ ಕಡೆ ಯಾವುದೋ ಹೋಟೆಲಿನಲ್ಲಿದ್ದಾನೆ, ಕಾಗದವಿಲ್ಲ. ಅವನ ವಯಸ್ಸು ಮಾತ್ರ ಅವರಿಗೆ ಸರಿಯಾಗಿ ನೆನಪಿರಲಿಲ್ಲ.

ಡಾಕ್ಟರು ಮುಖ ತಗ್ಗಿಸಿ ಅರವತ್ತಾರು ಅಂತ ಬರೆದರು. ನಾನು ಅದನ್ನು ಓದಿ ಹೇಳಿದೆ. ನಿಮ್ಮ ನಿಧಿಗೆ ಎಷ್ಟು ಬೇಕು ಅಂತ ಅಜ್ಜಿ ಕೇಳಿದರು. ಅರವತ್ತು ಸಾಕು ಅಂದೆ. ನಮ್ಮೆಲ್ಲರ ಸಪ್ಪೆ ಮೋರೆ ನೋಡಿ ಅಜ್ಜಿಗೇ ಪಾಪ ಅನಿಸಿತೋ ಏನೋ, ಹೇಳಿದರು: "ಹಾಗಾದ್ರೆ ಅರವತ್ತೇ ಬರೀರಿ ಮಾರಾಯ್ರೆ. ಉಳಿದ ಆರು ಯಾರಿಗಾದ್ರೂ ಕಡಿಮೆ ಬಿದ್ರೆ ಕೊಡಿ. ನಂಗೆ ಬೇಡ."

ನಮ್ಮವ್ವನ ಆದಾಯ

ಊರವರ ಅರ್ಜಿ ಬರೆಯುವ ನನ್ನ ಮನೆಗೇ ಒಮ್ಮೆ ವಿಮೆಯ ಇನ್ಸ್‌ಪೆಕ್ಟರ್ ಬಂದರು. ವಿಮೆಯಲ್ಲಿ ಕಾರ್ಮಿಕನ ತಾಯಿತಂದೆಗೂ ಚಿಕಿತ್ಸೆ ಸಿಗುತ್ತಿತ್ತು. ಆದರೆ ಅವರು ಪೂರ್ತಿ ಮಗನನ್ನೇ ನಂಬಿಕೊಂಡಿರಬೇಕು, ಸ್ವಂತ ಆದಾಯ ಇರಬಾರದು. ನಮ್ಮ ಅವ್ವನಿಗೆ ಹೊಟ್ಟೆಯಲ್ಲಿ ಗಂಟು ಕಂಡಿತ್ತು. ಆಪರೇಷನ್ನಿಗೆ ದೊಡ್ಡ ಆಸ್ಪತ್ರೆಗೆ ಚೀಟಿ ಬೇಕಿತ್ತು. ಅದಕ್ಕೆ ಮುಂಚೆ ಮನೆಗೆ ಬಂದು ವಿಚಾರಣೆ.

ಇನ್ಸ್‌ಪೆಕ್ಟರ್ ಸೊಲ್ಲಾಪುರದ ಮರಾಠಿಯವರು, ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು. ಅದೇ ತಪ್ಪಾಯಿತು. ಮಗನೇ ನಿಮ್ಮನ್ನು ಸಾಕುತ್ತಾನಲ್ಲವಾ ಅಜ್ಜಿ ಅಂತ ಅವರು ಹೂಂ ಅನ್ನಿಸುವ ಹಾಗೇ ಕೇಳಿದರು. ಅವ್ವನ ಮೋರೆ ಕೆಂಪಾಯಿತು. "ಯಾರ್ ಹೇಳಿದ್ರು?" ಅಂದಳು. ಅವಳು ನಾವಿದ್ದ ಚಾಳಿನ ಅಕ್ಕಪಕ್ಕದ ಮನೆಗಳ ಹೆಂಗಸರಿಗೆ ಹಪ್ಪಳ, ಶಾವಿಗೆ ಮಾಡಿಕೊಡುತ್ತಿದ್ದಳು. ಗಂಟು ನೋಯತೊಡಗಿದ ಮೇಲೆ ಅದೂ ನಿಂತು ಆರು ತಿಂಗಳಾಗಿತ್ತು. ಆದರೆ ಅಂದು ಅವಳು ನಿಂತ ಉದ್ಯೋಗವನ್ನು ಬಾಯಲ್ಲೇ ಮತ್ತೆ ಶುರುಮಾಡಿದಳು. ಹಪ್ಪಳದಿಂದ ಇಷ್ಟು, ಶಾವಿಗೆಯಿಂದ ಇಷ್ಟು, ದೀಪಾವಳಿಗೆ ಚಕ್ಕುಲಿಯಿಂದ ಬೇರೆ. ನನಗೆ ಗೊತ್ತಿಲ್ಲದ ಬಾಲ್ವಾಡಿಯೊಂದಕ್ಕೆ ಉಂಡೆಯನ್ನೂ ಕಟ್ಟಿಕೊಡುತ್ತಿದ್ದಳಂತೆ. ನಾನು ಹಿಂದೆ ನಿಂತು ಕಣ್ಣುಸನ್ನೆ ಮಾಡಿದೆ. ಅವಳು ಅದನ್ನೂ ಅವರಿಗೆ ತೋರಿಸಿದಳು. ತಿಂಗಳ ಕೊನೆಗೆ ಇವನ ಪಗಾರ ಮುಗಿದಾಗ ನಾನೇ ಕೈ ಹಿಡಿಯುತ್ತೇನೆ, ಅದಕ್ಕೇ ನಾಚಿಕೆ ಇವನಿಗೆ ಅಂದಳು.

ಇನ್ಸ್‌ಪೆಕ್ಟರ್ ಎಲ್ಲ ಕೇಳಿ, ಚಹಾ ಕುಡಿದು, ಏನೋ ಬರೆದುಕೊಂಡು ಎದ್ದರು. ಚೀಟಿ ಸಿಗುವುದಿಲ್ಲ ಅಂತ ನನಗೆ ಖಾತ್ರಿಯಾಯಿತು. ಆ ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಎಂಟನೆಯ ದಿನ ಚೀಟಿ ಬಂತು.

ಆಪರೇಷನ್ ಆಯಿತು. ಗಂಟು ಒಳ್ಳೆಯದಿರಲಿಲ್ಲ. ಅವ್ವ ಮತ್ತೆ ಎಂಟು ತಿಂಗಳಿದ್ದಳು. ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆಯವರಿಗೆಲ್ಲ ತಾನು ತನ್ನ ದುಡಿಮೆಯ ಮೇಲೆ ಬಂದು ಮಲಗಿದ್ದೇನೆ ಅಂತ ಹೇಳುತ್ತಿದ್ದಳು. ಅವಳು ಹೋದ ಮೇಲೆ ಕಾರ್ಡಿನಿಂದ ಅವಳ ಹೆಸರು ತೆಗೆಸಲು ಹೋದಾಗ ಅವಳ ಫೈಲು ನನ್ನ ಕೈಗೆ ಬಂತು. ಇನ್ಸ್‌ಪೆಕ್ಟರ್ ಬರೆದಿದ್ದರು: "ಆದಾಯವಿಲ್ಲ. ವೃದ್ಧೆಯ ಬುದ್ಧಿ ಸ್ಥಿಮಿತದಲ್ಲಿಲ್ಲ. ತಾನೇ ಮಗನನ್ನು ಸಾಕುತ್ತಿದ್ದೇನೆಂಬ ಭ್ರಮೆಯಲ್ಲಿದ್ದಾಳೆ. ಮಗ ಬಡವನೇ, ನಾನು ನೋಡಿದ್ದೇನೆ."

ಒಂದು ಮನೆಗೆ ಒಬ್ಬರು

ಇದು ಠಾಕುರ್ಲಿಯ ಗಂಡಹೆಂಡತಿಯ ಕಥೆ. ಇಬ್ಬರೂ ಈಗಿಲ್ಲ. ಮೊದಲು ಯಜಮಾನರು ಹೋದರು, ಮೂರು ತಿಂಗಳಲ್ಲಿ ಆಕೆ ಹೋದರು.

ವಿಜಾಪುರದ ಕಡೆಯವರು. ಯಜಮಾನರು ಅಂಬರನಾಥದಲ್ಲಿ ವಾಚ್‌ಮನ್ ಆಗಿದ್ದು ಬಿಟ್ಟವರು, ಅವರಿಗೆ ಉಬ್ಬಸದ ದಮ್ಮು. ಆಕೆಗೆ ಸಕ್ಕರೆ ಕಾಯಿಲೆ, ಅದರಿಂದ ಕಣ್ಣು ಮಂಜು. ಮಕ್ಕಳಿರಲಿಲ್ಲ. ನಿಧಿಯಲ್ಲಿ ಹಣ ಕಡಿಮೆ ಇದ್ದದ್ದರಿಂದ ಒಂದು ಮನೆಗೆ ಒಬ್ಬರಿಗೆ ಮಾತ್ರ ಅನ್ನುವ ನಿಯಮವಿತ್ತು. ಯಜಮಾನರ ಹೆಸರಿನಲ್ಲಿ ಅರ್ಜಿ ಬರೆದೆ.

ಮುಂದಿನ ರವಿವಾರ ಅವರು ಒಬ್ಬರೇ ಬಂದು, ತಮ್ಮ ಹೆಸರು ತೆಗೆದು ಆಕೆಯ ಹೆಸರು ಬರೆಯಲು ಹೇಳಿದರು, ಆಕೆಗೆ ತಿಳಿಯಬಾರದು ಅಂದರು. ಬರೆದೆ. ಅದರ ಮುಂದಿನ ರವಿವಾರ ಆಕೆ ಗೋಡೆ ಹಿಡಿದುಕೊಂಡು ಬಂದರು. ಅರ್ಜಿ ಯಾರ ಹೆಸರಿನಲ್ಲಿದೆ ಅಂತ ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ನನ್ನ ಹೆಸರು ಹೊಡೆದುಹಾಕಿ ಅವರದೇ ಬರೆಯಿರಿ, ಅವರಿಗೆ ಹೇಳಬೇಡಿ ಅಂದರು. ಹೀಗೆ ಎರಡು ತಿಂಗಳು. ಕೊನೆಗೆ ಅರ್ಜಿಯ ಹಾಳೆಯಲ್ಲಿ ಹೆಸರಿನ ಜಾಗ ತೂತು ಬಿತ್ತು.

ಸಾಹುಕಾರರು ಆ ತೂತು ನೋಡಿ ಸಿಟ್ಟಾದರು. ಇಬ್ಬರನ್ನೂ ಒಟ್ಟಿಗೆ ಕರೆಸಿ, ಯಾರ ಕಾಯಿಲೆ ದೊಡ್ಡದೋ ಅವರಿಗೆ ಕೊಡುತ್ತೇನೆ ಅಂದರು.

ಇಬ್ಬರೂ ಬಂದು ಬೆಂಚಿನ ಮೇಲೆ ಕೂತರು. ಯಜಮಾನರು ತಮಗೇನೂ ಇಲ್ಲ, ದಮ್ಮು ಹೋಗಿ ಬಹಳ ದಿನವಾಯಿತು ಅಂದರು. ಅಷ್ಟು ಹೇಳಿ ಬಾಯಿ ಮುಚ್ಚಿದವರು ತೆರೆಯಲೇ ಇಲ್ಲ. ಕೆಮ್ಮು ತಡೆದು ತಡೆದು ಕುತ್ತಿಗೆಯ ನರ ಉಬ್ಬಿದವು. ಆಕೆ ಮೊಣಕೈಯಿಂದ ತಿವಿದು, "ಕೆಮ್ಮರಿ, ಕೆಮ್ಮಿ ತೋರಸ್ರಿ" ಅಂತ ಪಿಸುಗುಟ್ಟಿದರು. ಅವರು ತಲೆ ಅಲ್ಲಾಡಿಸಿದರು.

ಸಾಹುಕಾರರು ಆಕೆಯನ್ನು ಕೇಳಿದರು. ತಾನು ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಂಡು ಕುಡಿಯುತ್ತೇನೆ, ಏನೂ ಆಗಿಲ್ಲ, ಕಣ್ಣಂತೂ ಮೊದಲಿಗಿಂತ ಚೆನ್ನಾಗಿದೆ ಅಂದರು. ಹಾಗಾದರೆ ಎದುರಿನ ಗೋಡೆಯ ಮೇಲೆ ಏನಿದೆ ಹೇಳಿ ಅಂದರು ಸಾಹುಕಾರರು.

ಗೋಡೆಯ ಮೇಲೆ ಪಂಪ್‌ಸೆಟ್ ಕಂಪನಿಯ ಕ್ಯಾಲೆಂಡರ್ ಇತ್ತು. ಕಪ್ಪಗೆ ದುಂಡನೆಯ ಪಂಪು, ಅದರ ಬಾಯಿಂದ ಬಿಳಿ ನೀರು ಸುರಿಯುವ ಚಿತ್ರ. ಆಕೆ ಮುಖ ಎತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಎರಡೂ ಕೈ ಜೋಡಿಸಿ ಅಂದರು: "ಕಾಣದೇನ್ರಿ? ಲಿಂಗಕ್ಕ ಅಭಿಷೇಕ ನಡದೈತಿ."

ಅಷ್ಟು ಹೊತ್ತು ಉಸಿರು ಕಟ್ಟಿ ಕೂತಿದ್ದ ಯಜಮಾನರಿಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದೇ ತಡ, ಒಳಗಿದ್ದ ಕೆಮ್ಮೆಲ್ಲ ಒಟ್ಟಿಗೆ ಹೊರಗೆ ಬಂತು. ಬೆಂಚು ಅಲುಗಾಡುವ ಹಾಗೆ ಕೆಮ್ಮಿದರು. ಆಕೆ ಅವರ ಬೆನ್ನು ಸವರಲು ಕೈ ಚಾಚಿದರೆ ಅದು ಪಕ್ಕದಲ್ಲಿದ್ದ ನನ್ನ ಬೆನ್ನಿಗೆ ಬಂತು. ನಾನು ಆ ಕೈ ಹಿಡಿದು ಅವರ ಬೆನ್ನಿನ ಮೇಲಿಟ್ಟೆ.

ಸಾಹುಕಾರರು ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. ಬೇರೆ ಹಾಳೆ ತೆಗೆದುಕೊಂಡು ಇಬ್ಬರ ಹೆಸರನ್ನೂ ತಾವೇ ಬರೆದು ಸಹಿ ಹಾಕಿದರು. ನಿಯಮ ಏನಾಯಿತು ಅಂತ ಯಾರೂ ಕೇಳಲಿಲ್ಲ.

ಹೊರಗೆ ಮೆಟ್ಟಿಲ ಹತ್ತಿರ ಯಜಮಾನರು ದಮ್ಮು ಆರಿಸಿಕೊಳ್ಳಲು ನಿಂತರು. ಇಬ್ಬರಿಗೂ ಮಂಜೂರಾಯಿತು ಅಂತ ನಾನು ಆಕೆಗೆ ಬಿಡಿಸಿ ಹೇಳಿದೆ. ಆಕೆ ಕೋಣೆಯೊಳಗಿನ ಆ ಗೋಡೆಯ ಕಡೆ ತಿರುಗಿ ಇನ್ನೊಮ್ಮೆ ಕೈ ಮುಗಿದು, ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಯಾವ ಊರ ಸ್ವಾಮಿರೀ ಅಂವಾ? ಭಾಳ ಲಗೂ ಒಲಿದ."