ಟವೆಲ್ಲಿನಡಿಯ ಒಮ್ಮತ

ಚನ್ನೇಶ್: (ರಸ್ತೆಯಾಚೆಗೂ ಕೇಳುವಂತೆ) ಊರ ದುಡ್ಡಲ್ಲಿ ಕಬಡ್ಡಿ ಕ್ರೀಡಾಂಗಣವಂತೆ! ಮೊದಲು ಚರಂಡಿ ಕಟ್ಟಿಸ್ರೀ!

ತಿಮ್ಮಯ್ಯ: ಚರಂಡಿ ಕಟ್ಸಕ್ಕೆ ಹೋದಾಗ ಕ್ರೀಡಾಂಗಣ ಎಲ್ಲಿ ಅಂದೋನು ನೀನೇ ಅಲ್ವೇನಯ್ಯಾ?

ಚನ್ನೇಶ್: ವಿರೋಧ ಪಕ್ಷದ ಕರ್ತವ್ಯ ಅದು! (ದನಿ ಇಳಿಸಿ) ತಿಮ್ಮಣ್ಣ, ಕಾಫಿ ಆಯ್ತಾ?

ತಿಮ್ಮಯ್ಯ: (ದನಿ ಇಳಿಸಿ) ಆಯ್ತು ಕಣಪ್ಪ. ಸಕ್ಕರೆ ಬುಟ್ಟಿವ್ನಿ. (ಜೋರಾಗಿ) ಅಭಿವೃದ್ಧಿಗೆ ಅಡ್ಡಗಾಲು ಹಾಕೋ ನಿನ್ನಂಥೋರಿಂದಲೇ ಊರು ಹಾಳಾಗಿದ್ದು!

ಅರಸೀಕೆರೆಯಲ್ಲಿ ಚನ್ನೇಶನ ಕೊಬ್ಬರಿ ಮಂಡಿಯ ಜಗಲಿ. ನಗರಸಭೆಯಲ್ಲಿ ತಿಮ್ಮಯ್ಯ ಆಳುವ ಪಕ್ಷದ ಮುಖಂಡರು, ಚನ್ನೇಶ್ ವಿರೋಧ ಪಕ್ಷದವನು. ಎದುರಿನ ಟೀ ಅಂಗಡಿಯಲ್ಲಿ ಚನ್ನೇಶನ ಬೆಂಬಲಿಗರು ಎಡಬೆಂಚಿನಲ್ಲಿ, ತಿಮ್ಮಯ್ಯನವರ ಬೆಂಬಲಿಗರು ಬಲಬೆಂಚಿನಲ್ಲಿ. ಜಗಲಿಯ ಮುಂದೆ ಎದೆಯೆತ್ತರಕ್ಕೆ ಕೊಬ್ಬರಿ ಮೂಟೆ ಪೇರಿಸಿದ್ದರಿಂದ ಅವರಿಗೆ ಕಾಣುತ್ತಿದ್ದದ್ದು ಮೂರು ತಲೆಗಳು ಮಾತ್ರ. ನಡುವಿನ ತಲೆ ಮೇಘಶ್ರೀಯದು. ಊರಿನ ಹುಡುಗಿಯರಿಗೆ ಕಬಡ್ಡಿ ಕಲಿಸುವವಳು. ಕೈಯಲ್ಲೊಂದು ಕ್ರೀಡಾಂಗಣದ ಒಪ್ಪಿಗೆ ಪತ್ರ, ಕಣ್ಣು ಗಡಿಯಾರದ ಮೇಲೆ.

ಮೇಘಶ್ರೀ: ನಾಲ್ಕೂವರೆ ಆಯ್ತು. ಕಬಡ್ಡಿ ಲೀಗಿನ ಸಾಹೇಬ್ರು ಐದೂಕಾಲಿನ ರೈಲಿಗೆ ಹೊರಟುಬಿಡ್ತಾರೆ. ಇಬ್ಬರೂ ಸಹಿ ಹಾಕಿ ಅಂದ್ರೆ ಬೈಕೊಂಡು ಕೂತಿದ್ದೀರಲ್ಲ!

ತಿಮ್ಮಯ್ಯ: ನನ್ನೊಬ್ಬನ ಸಹಿ ಸಾಲದೇನವ್ವಾ? ಸರ್ಕಾರ ನಮ್ದೇ ಐತೆ.

ಮೇಘಶ್ರೀ: ಅದಕ್ಕೇ ಸಾಲಲ್ಲವಂತೆ ದೊಡ್ಡಪ್ಪ. ಜಾಗ ನಗರಸಭೇದು, ಅರ್ಧ ದುಡ್ಡು ಸರ್ಕಾರದ್ದು. ನೀವು ಗೋಡೆ ಎಬ್ಬಿಸ್ತೀರಿ, ನಾಳೆ ಇವರು ಅಧಿಕಾರಕ್ಕೆ ಬಂದು ಚಾವಣಿ ಬೇಡ ಅಂತಾರೆ. ಆಮೇಲೆ ತಂಡ ಎಲ್ಲಿ ಆಡಬೇಕು ಅಂತ ಲೀಗಿನೋರು ಕೇಳ್ತಾರೆ.

ತಿಮ್ಮಯ್ಯ: ಹಳೇಬೀಡು ಗುಡೀಗೆ ಗೋಪುರ ಐತಾ? ಇಷ್ಟು ಕಾಲದಿಂದ ಯಾರಾದ್ರೂ ಕೇಳವ್ರಾ?

ಮೇಘಶ್ರೀ: ಅಲ್ಲಿ ದೇವರು ನೆನೀತಿಲ್ಲ. ಇಲ್ಲಿ ನಮ್ಮ ಹುಡುಗೀರು ಹರಾಜಿನ ದಿನ ಕೊಬ್ಬರಿಗೆ ಅಂಗಳ ಬಿಡಬೇಕು, ಮಳೆ ದಿನ ಮಳೆಗೆ ಬಿಡಬೇಕು. ಅವರಲ್ಲಿ ಸಿರಿ ಅನ್ನೋಳನ್ನ ಲೀಗ್ ತಂಡಕ್ಕೆ ಆರಿಸವ್ರೆ. ತಂಡ ಇದೇ ಊರಲ್ಲಿ ನಿಂತ್ರೆ ಅವಳು ಆಡ್ತಾಳೆ. ಬೇರೆ ಊರಿಗೆ ಹೋದ್ರೆ ಅವರಪ್ಪ ಕಳಿಸಲ್ಲ. ಇವತ್ತು ಸಹಿ ಬೀಳ್ದಿದ್ರೆ ಅವಳ ಆಟ ಮುಗೀತು.

ಬೈಗುಳ ನಿಂತರೆ ಎದುರಿನವರಿಗೆ ಅನುಮಾನ. ಟೀ ಅಂಗಡಿಯಲ್ಲಿ ಕತ್ತುಗಳು ಉದ್ದವಾದವು.

ಚನ್ನೇಶ್: (ಗಾಬರಿಯಿಂದ ಜೋರಾಗಿ) ಧಿಕ್ಕಾರ! (ಮೆಲ್ಲಗೆ) ಎರಡು ಪಕ್ಷ ಸೇರೋದು ಹುಣ್ಣಿಮೆಗೋ ಅಮಾವಾಸ್ಯೆಗೋ ಅಷ್ಟೇ ಕಣಮ್ಮ.

ಮೇಘಶ್ರೀ: ಇವತ್ತು ಹುಣ್ಣಿಮೇನೇ ಅಣ್ಣ. ಕ್ಯಾಲೆಂಡರ್ ನೋಡ್ಕೊಂಡೇ ಬಂದಿದ್ದು.

ಚನ್ನೇಶ್: ಹಂಗಲ್ಲ. ಕ್ರೀಡಾಂಗಣದ ಸಮಿತಿಗೆ ಐದು ವರ್ಷಕ್ಕೆ ಅಧ್ಯಕ್ಷರು ಅಂತ ಇರ್ತಾರಲ್ಲ... ಅದರಲ್ಲಿ ನಮಗೂ ಏನಾದ್ರೂ...

ತಿಮ್ಮಯ್ಯ: ಬಂದ ನೋಡು ದಾರೀಗೆ! ಅಧ್ಯಕ್ಷ ಐದು ವರ್ಷವೂ ನಾನೇ.

ಮೇಘಶ್ರೀ: ಕೊಬ್ಬರಿಗೆ ಬೆಂಬಲ ಬೆಲೆ ಕೇಳೋ ಊರಲ್ಲಿ ಬೆಂಬಲಕ್ಕೇ ಬೆಲೆ ಕಟ್ತಾ ಇದ್ದೀರಲ್ಲ! ಆಯ್ತು, ಒಳಗೆ ಕೂತು ಇತ್ಯರ್ಥ ಮಾಡ್ಕೊಳಿ.

ಚನ್ನೇಶ್: ಒಳಗೆ ಹೋದ್ರೆ ಒಳ ಒಪ್ಪಂದ ಅಂತಾರೆ.

ಮೇಘಶ್ರೀ: ಕಟ್ತಿರೋದೇ ಒಳಾಂಗಣ ಅಲ್ವಾ ಅಣ್ಣ!

ಅವಳು ಚೀಲದಿಂದ ಒಂದು ಕೆಂಪು ಅಂಚಿನ ಹಳೆಯ ಟವೆಲ್ ತೆಗೆದಳು. ಅವಳ ತಾತ ಕೆಂಚಪ್ಪ ದನದ ದಲ್ಲಾಳಿ. ಎತ್ತಿನ ಬೆಲೆಯನ್ನು ಬಾಯಲ್ಲಿ ಆಡದೆ, ಟವೆಲ್ಲಿನಡಿ ಬೆರಳು ಹಿಡಿದೇ ನಲವತ್ತು ವರ್ಷ ವ್ಯಾಪಾರ ಕುದುರಿಸಿದವನು.

ಮೇಘಶ್ರೀ: ಒಂದು ಬೆರಳು ಅಂದ್ರೆ ಒಂದು ವರ್ಷ. ಒಬ್ಬರ ಬೆರಳು ಇನ್ನೊಬ್ಬರಿಗೆ ಕಾಣಂಗಿಲ್ಲ. ಮುಷ್ಟಿ ಮುಚ್ಚಿದ್ರೆ ವ್ಯಾಪಾರ ಮುಗೀತು, ಆಮೇಲೆ ತಕರಾರಿಲ್ಲ. ಬಾಯಲ್ಲಿ ಎಷ್ಟು ಬೇಕಾದ್ರೂ ಬೈಕೊಳಿ. ಕೊಡಿ ಕೈ.

ತನ್ನ ಮಡಿಲ ಮೇಲೆ ಹರಡಿದ ಟವೆಲ್ಲಿನಡಿ ಮೇಘಶ್ರೀಯ ಎಡಗೈಗೆ ತಿಮ್ಮಯ್ಯ ಸಿಕ್ಕರು, ಬಲಗೈಗೆ ಚನ್ನೇಶ್ ಸಿಕ್ಕ.

ಚನ್ನೇಶ್: ಒಂದು ಇಟ್ಟಿಗೆ ಇಡೋಕೂ ಬಿಡಲ್ಲ ನಾನು!

ಹೇಳುತ್ತಲೇ ಅವಳ ನಾಲ್ಕು ಬೆರಳು ಹಿಡಿದ. ಮೇಘಶ್ರೀ ಎರಡನ್ನು ಬಿಡಿಸಿದಳು.

ಚನ್ನೇಶ್: ಅನ್ಯಾಯ! ಇದು ಅನ್ಯಾಯ!

ಎಡಬೆಂಚಿನಿಂದ ಶಿಳ್ಳೆ. ಅತ್ತ ತಿಮ್ಮಯ್ಯ ಐದು ಬೆರಳನ್ನೂ ಬಾಚಿ ಹಿಡಿದಿದ್ದರು.

ಮೇಘಶ್ರೀ: (ಪಿಸುದನಿಯಲ್ಲಿ) ದೊಡ್ಡಪ್ಪ, ಉಗುರು! ಇದು ಎತ್ತಿನ ಮೂಗುದಾರ ಅಲ್ಲ.

ತಿಮ್ಮಯ್ಯ: (ಬೆರಳಿನ ಗುಂಗಿನಲ್ಲಿ ಮೈಮರೆತು, ಜೋರಾಗಿ) ಚನ್ನೇಶಾ, ನಿಂಗೆ ಎರಡು ಸಾಕು ಕಣಪ್ಪಾ!

ಟೀ ಅಂಗಡಿಯಲ್ಲಿ ಲೋಟ ತೊಳೆಯುವ ಸದ್ದೂ ನಿಂತಿತು. "ಏನು ಎರಡು?" ಎಂದು ಯಾರೋ ಕೂಗಿದರು.

ಚನ್ನೇಶ್: ಎರಡು ಏಟಂತೆ! ಬಿಗೀತಾರಂತೆ ನನಗೆ! ಕೇಳಿಸಿಕೊಂಡ್ರಾ?

ಎರಡೂ ಬೆಂಚುಗಳು ಎದ್ದು ನಿಂತು ಕೂಗಾಡಿದವು. ಚನ್ನೇಶ್ ಬೆವರು ಒರೆಸಿಕೊಂಡ, ಎಡಗೈಯಿಂದ.

ತಿಮ್ಮಯ್ಯ: (ಪಿಸುದನಿಯಲ್ಲಿ) ಬುಡವ್ವ ಕೈನ. ಇದು ನನ್ ಕೈಲಾಗಲ್ಲ.

ಮೇಘಶ್ರೀ: ಆಡ್ತಿದ್ದಾಗ ನಾನು ಕ್ಯಾಚರ್ ದೊಡ್ಡಪ್ಪ. ಹಿಡಿದೋರನ್ನ ನಡುಗೆರೆ ಮುಟ್ಟೋಕೆ ಬಿಟ್ಟಿಲ್ಲ.

ನಿಜವಾಗಿಯೂ ಬಿಡಲಿಲ್ಲ. ಅವಳ ಎಡಗೈ ಏನನ್ನೋ ಒತ್ತಿತು, ತಿಮ್ಮಯ್ಯನವರ ಮೀಸೆ ಕುಣಿಯಿತು, ಮುಷ್ಟಿ ಮುಚ್ಚಿತು. ಬಲಗೈಯೂ ಏನನ್ನೋ ಒತ್ತಿತು, ಚನ್ನೇಶನ ಮುಖ ಮೂರು ಸುತ್ತು ಅಗಲವಾಯಿತು, ಅವನ ಮುಷ್ಟಿಯೂ ಮುಚ್ಚಿತು. ಅರ್ಧ ನಿಮಿಷದಲ್ಲಿ ಪತ್ರದ ಮೇಲೆ ಎರಡು ಸಹಿ.

ತಿಮ್ಮಯ್ಯ: (ಎದ್ದು ನಿಂತು) ಒಪ್ಪಿಸಿಬಿಟ್ಟೆ ಕಣ್ರಪ್ಪೋ! ಸಹಿ ಹಾಕ್ದ!

ಚನ್ನೇಶ್: (ಅವರಿಗಿಂತ ಎತ್ತರದ ಮೆಟ್ಟಿಲೇರಿ) ಬಗ್ಗಿಸಿಬಿಟ್ಟೆ! ನಮ್ಮ ಷರತ್ತಿಗೆ ಬಗ್ಗಿದ್ರು!

ಎರಡು ಬೆಂಚಿಗೂ ಗೆಲುವು. ಒಂದೇ ಅಂಗಡಿಯಿಂದ ತಂದ ಪಟಾಕಿ ಎರಡು ಕಡೆ ಸಿಡಿಯಿತು.

ಚನ್ನೇಶ್: (ಇಬ್ಬರೂ ಕೂತ ಮೇಲೆ, ಮೆಲ್ಲಗೆ) ಬೇಜಾರ್ ಮಾಡ್ಕೋಬೇಡಿ ತಿಮ್ಮಣ್ಣ. ಎರಡು ವರ್ಷ ಅಂದ್ರೆ ಕಮ್ಮಿ ಏನಲ್ಲ.

ತಿಮ್ಮಯ್ಯ: ಅದ್ನೇ ನಿಂಗೆ ಹೇಳಾನ ಅಂತಿದ್ದೆ.

ಚನ್ನೇಶ್: ನನಗ್ಯಾಕೆ? ನಂದು ಮೂರು.

ತಿಮ್ಮಯ್ಯ: ಮೂರು ನಂದು!

ಇಬ್ಬರೂ ಒಟ್ಟಿಗೆ ತಿರುಗಿದರು. ಮೇಘಶ್ರೀ ಆಗಲೇ ಸ್ಕೂಟರ್ ಮೇಲೆ.

ತಿಮ್ಮಯ್ಯ: ಮೂರೂ ಮೂರು ಆರು ಕಣವ್ವಾ! ಇರದು ಐದು ವರ್ಷ!

ಮೇಘಶ್ರೀ: ಮೊದಲ ಎರಡು ನಿಮ್ಮದು, ಕೊನೇ ಎರಡು ಚನ್ನೇಶಣ್ಣಂದು. ನಡುವಿನ ವರ್ಷ ಇಬ್ಬರದೂ.

ಚನ್ನೇಶ್: ಒಂದು ಕುರ್ಚೀಲಿ ಇಬ್ಬರಾ? ಆಗಲ್ಲ, ಹರಿದು ಹಾಕಮ್ಮ ಪತ್ರ!

ಮೇಘಶ್ರೀ: ಹರೀತೀನಿ. ಯಾಕೆ ಹರಿದದ್ದು ಅಂತ ಅಲ್ಲಿ ನಿಂತಿರೋರಿಗೆ ನೀವೇ ಸ್ವಲ್ಪ ಜೋರಾಗಿ ಹೇಳಿಬಿಡಿ.

ಎದುರಿನಿಂದ ಎರಡು ಹಾರಗಳು ರಸ್ತೆ ದಾಟುತ್ತಿದ್ದವು. ಸ್ಟೇಷನ್ ಕಡೆಗೆ ಬರುತ್ತಿದ್ದ ರೈಲು ದೂರದಿಂದ ಒಮ್ಮೆ ಕೂಗಿತು. ಮುಖಂಡರಿಬ್ಬರೂ ನಗುವ ಮುಖ ಸಿದ್ಧಮಾಡಿಕೊಂಡರು.

ತಿಮ್ಮಯ್ಯ: (ಹಲ್ಲು ಬಿಟ್ಟುಕೊಂಡೇ, ತುಟಿ ಅಲ್ಲಾಡಿಸದೆ) ಆ ನಡುವಿನ ವರ್ಷ ಏನ್ಲಾ ಮಾಡದು ನಾವಿಬ್ರೂ?

ಚನ್ನೇಶ್: (ಹಾಗೆಯೇ) ಜಗಳ ಆಡೋಣ ತಿಮ್ಮಣ್ಣ. ರೂಢಿ ಇದೆಯಲ್ಲ.

ಮೇಘಶ್ರೀ ಸ್ಕೂಟರ್ ಚಾಲೂ ಮಾಡಿ, ಹೆಗಲ ಮೇಲಿದ್ದ ಟವೆಲ್ಲನ್ನು ಮೂಟೆಗಳ ಮೇಲಿಂದ ಅವರ ಮಡಿಲಿಗೆ ಎಸೆದಳು.

ಮೇಘಶ್ರೀ: ಇದು ಇಲ್ಲೇ ಇರಲಿ ದೊಡ್ಡಪ್ಪ. ಚಾವಣಿ ಹಾಕೋ ಹೊತ್ತಿಗೆ ಬೇಕಾಗುತ್ತೆ.