ಜಪಾನಿನ ಕಾರಿನಲ್ಲಿ ಕಟ್ಟುಬಿದ್ದ ಮದುಮಗ

ಮದುವೆ ಮನೆಯಲ್ಲಿ ದೊಡ್ಡ ಅಳಿಯನಿಗೆ ಏನಾದರೂ ಒಂದು ಜವಾಬ್ದಾರಿ ಕೊಡಬೇಕು. ಇಲ್ಲವಾದರೆ ಅವನು ಮುನಿಸಿಕೊಳ್ಳುತ್ತಾನೆ. ನನ್ನ ನಾದಿನಿ ಸುಧಾಳ ಮದುವೆಯಲ್ಲಿ ನಾನು ಯಾರಿಗೂ ಆ ತೊಂದರೆ ಕೊಡಲಿಲ್ಲ. ಜವಾಬ್ದಾರಿಯನ್ನು ನಾನೇ ಬಾಯಿಬಿಟ್ಟು ಕೇಳಿ ಪಡೆದೆ: ಮದುಮಗನನ್ನು ಉರುಕುಂದದಿಂದ ಆದೋನಿಗೆ ಕಾರಿನಲ್ಲಿ ಸುರಕ್ಷಿತವಾಗಿ ಕರೆತರುವುದು. ‘ಸುರಕ್ಷಿತವಾಗಿ’ ಎಂಬ ಮಾತನ್ನು ಯಾರೂ ಹೇಳಿರಲಿಲ್ಲ. ಅದನ್ನು ಸೇರಿಸಿದವನೂ ನಾನೇ!

ಮದುಮಗ ಮಧುಸೂದನ ರಾಯಚೂರಿನವನು, ಬ್ಯಾಂಕಿನ ನೌಕರ. ಉರುಕುಂದದ ಈರಣ್ಣ ಸ್ವಾಮಿಗೆ ಅವರ ಮನೆಯವರ ಹರಕೆ ಇತ್ತು. ಹಿಂದಿನ ದಿನವೇ ಉರುಕುಂದಕ್ಕೆ ಬಂದು, ಮದುವೆಯ ದಿನ ಬೆಳಿಗ್ಗೆ ಪೂಜೆ ಮುಗಿಸಿ, ಅಲ್ಲಿಂದ ಆದೋನಿಯ ಛತ್ರಕ್ಕೆ ಬರುವುದೆಂದು ಮಾತಾಗಿತ್ತು. ಬಳಗವೆಲ್ಲ ಬಸ್ಸಿನಲ್ಲಿ, ಮದುಮಗ ಮತ್ತು ಅವನ ಸೋದರಮಾವ ಕಾರಿನಲ್ಲಿ.

ಕಾರು ನನ್ನ ಹೆಂಡತಿಯ ಅಣ್ಣ ಶ್ರೀನಿವಾಸನದು. ಅವನು ಹಡಗಿನಲ್ಲಿ ಇಂಜಿನಿಯರ್. ಜಪಾನಿನಿಂದ ಮದರಾಸಿಗೆ ಹಡಗಿನಲ್ಲೇ ಹೇರಿಸಿಕೊಂಡು ತಂದಿದ್ದ ಕಾರು. ಅಂಬಾಸಿಡರನ್ನೂ ಹತ್ತಿ ಹೇರಿದ ಲಾರಿಯನ್ನೂ ಕಂಡು ಬೆಳೆದ ನಮ್ಮೂರಿಗೆ ಅದೊಂದು ದೇವಲೋಕದ ವಾಹನ. ಮಾವನವರು ತೀರಿಕೊಂಡಿದ್ದರಿಂದ ತಂಗಿಯನ್ನು ಧಾರೆಯೆರೆದು ಕೊಡಬೇಕಾದವನು ಶ್ರೀನಿವಾಸನೇ. ಆದ್ದರಿಂದ ಕಾರು ನಡೆಸುವ ಭಾಗ್ಯ ನನ್ನ ಪಾಲಿಗೆ ಬಂತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಜೊತೆಗೆ ಲೈಸೆನ್ಸ್ ಬೇರೆ ಇತ್ತು.

"ಸುಮ್ನ ಖಾದರ್ ಸಾಬನ ಟ್ಯಾಕ್ಸಿ ಹೇಳ್ರಿ," ಎಂದಳು ನನ್ನ ಹೆಂಡತಿ ಪದ್ಮಾ. "ತಿರುವು ಬಂದ್ರ ಸೈಕಲ್ಲಿಂದ ಇಳದು ತಳ್ಳಿಕೊಂಡು ಹೋಗೋ ಮನಷ್ಯಾ ನೀವು."

"ಅದು ಸೈಕಲ್ಲು. ಇದು ಜಪಾನು!" ಎಂದೆ.

ಶ್ರೀನಿವಾಸ ನನ್ನನ್ನು ಕಾರಿನಲ್ಲಿ ಕೂರಿಸಿ ಪಾಠ ಹೇಳಿದ. "ನೋಡ್ರಿ ಭಾವ, ಇದು ಸೀಟ್ ಬೆಲ್ಟು. ಮೆಲ್ಲಕ ಎಳದ್ರ ಬರತೈತಿ. ಜೋರಾಗಿ ಜಗ್ಗಿದ್ರ ತಾನೇ ಗಟ್ಯಾಗಿ ಹಿಡಕೊಂತೈತಿ. ಬ್ರೇಕ್ ಬಿದ್ದಾಗ ಕುಂತವ್ರು ಮುಂದ ಹಾರಬಾರದು ಅಂತ."

"ಜಡತ್ವ! ಒಂಬತ್ತನೇ ಕ್ಲಾಸಿಗೆ ವರ್ಷಾ ವರ್ಷಾ ಹೇಳತೀನಪ್ಪ."

"ಇನ್ನೊಂದು ಮಾತು. ಕಾರು ಏರಿನ್ಯಾಗ ಓರೆ ನಿಂತಿತ್ತಂದ್ರ..."

"ಗೊತ್ತೈತಿ, ಗೊತ್ತೈತಿ!" ಎಂದೆ.

ಗೊತ್ತಿರಲಿಲ್ಲ.

ಆ ಕಾರಿಗೆ ಇನ್ನೊಂದು ವಿದ್ಯೆ ಇತ್ತು. ಕೀಲಿ ತಿರುಗಿಸಿದ ಮೇಲೆ ಯಾವುದಾದರೂ ಬಾಗಿಲು ಸರಿಯಾಗಿ ಮುಚ್ಚಿರದಿದ್ದರೆ ಒಳಗಿನಿಂದ ಒಬ್ಬ ಹೆಂಗಸು ಮಾತಾಡುತ್ತಿದ್ದಳು! ಜಪಾನಿ ಭಾಷೆಯಲ್ಲಿ, ಜೇನಿನಂಥ ಧ್ವನಿಯಲ್ಲಿ. ಇಷ್ಟು ಮರ್ಯಾದೆಯಿಂದಲೂ ಬೈಯಬಹುದೆಂದು ನನಗೆ ತಿಳಿದದ್ದು ಆಗಲೇ.

ಮದುವೆಯ ದಿನ ನಸುಕಿನಲ್ಲಿ ಹೊರಟವನು ನೇರವಾಗಿ ಉರುಕುಂದದ ದಾರಿ ಹಿಡಿಯಬೇಕಿತ್ತು. ಆದರೆ ಇಂಥ ಕಾರಿನಲ್ಲಿ ಕೂತು ಟ್ಯಾಕ್ಸಿ ಸ್ಟ್ಯಾಂಡಿನ ಮುಂದೆ ನಿಲ್ಲದೆ ಹೋಗುವಷ್ಟು ವೈರಾಗ್ಯ ನನ್ನಲ್ಲಿರಲಿಲ್ಲ. ನಿಲ್ಲಿಸಿದೆ. ಚಹಾ ಕುಡಿಯುತ್ತಿದ್ದ ಡ್ರೈವರುಗಳೆಲ್ಲ ಲೋಟ ಹಿಡಿದೇ ಬಂದು ಸುತ್ತುವರಿದರು.

ಟ್ಯಾಕ್ಸಿಯ ಖಾದರ್ ಸಾಬ ಕಿಟಕಿಯಲ್ಲಿ ಇಣುಕಿದ. "ಕ್ಯಾ ಹೋಗಯಾ ಸಾಬ್? ಎದಿ ಮ್ಯಾಲ ಪಟ್ಟಿ ಕಟ್ಟೀರಿ. ಆಪರೇಷನ್ ಆತೇನ್ರಿ?"

ನಾನು ಜಡತ್ವವನ್ನು ವಿವರಿಸಿದೆ. ಲಾರಿ ಡ್ರೈವರ್ ತಿಮ್ಮಾರೆಡ್ಡಿಗೆ ಅದು ಒಪ್ಪಿಗೆಯಾಗಲಿಲ್ಲ. "ಅದೇಂದಿ ಸಾರ್! ಗಾಡಿ ಪಲ್ಟಿ ಆತಂದ್ರ ಡ್ರೈವರ್ ಮೊದಲು ಜಿಗೀಬೇಕು. ಕಟ್ಟಿ ಹಾಕಿದ್ರ ಜಿಗಿಯೋದು ಹ್ಯಾಂಗ?"

"ಜಿಗಿದವ್ರೇ ಸಾಯ್ತಾರ, ರೆಡ್ಡಿ."

"ನಾ ಎಲ್ಲಿ ಸತ್ತೀನಿ ಸಾರ್?"

ಜಟಕಾ ಹೊಡೆಯುವ ಮುದುಕನೊಬ್ಬ ಹಿಂದಿನಿಂದ ಕೇಳಿದ. "ಎದುರಿಗೆ ಎಮ್ಮಿ ಬಂತಂದ್ರ ನನ್ನ ಕುದುರಿ ತಾನೇ ನಿಂದರತೈತಿ. ನಾ ಮಲಗಿದ್ರೂ ನಿಂದರತೈತಿ. ನಿಮ್ಮ ಕಾರಿಗೆ ಆ ಬುದ್ಧಿ ಐತೇನ್ರಿ?"

ಕುದುರೆಯ ಬುದ್ಧಿಯನ್ನು ಜಪಾನಿನವರು ಇನ್ನೂ ಕಾರಿಗೆ ಜೋಡಿಸಿರಲಿಲ್ಲ. ಮಾತು ಮರೆಸಲು ನಾನು ಬಾಗಿಲನ್ನು ಸ್ವಲ್ಪ ತೆರೆದೆ. ಒಳಗಿನ ಹೆಂಗಸು ಮಧುರವಾಗಿ ಏನೋ ಹೇಳಿದಳು. ಖಾದರ್ ಸಾಬನ ಚಹಾ ಅವನ ಅಂಗಿಯ ಮೇಲೆ ಚೆಲ್ಲಿತು.

"ಯಾ ಅಲ್ಲಾ! ಒಳಗ ಯಾರೋ ಹೆಣ್ಮಗಳು ಅದಾಳ!"

"ಯಂತ್ರ, ಸಾಬ. ಬಾಗಲಾ ಹಾಕಿಲ್ಲ ಅಂತ ಎಚ್ಚರಸ್ತೈತಿ."

ಖಾದರ್ ಸಾಬ ಅಂಗಿ ಒರೆಸಿಕೊಂಡ. "ಮನ್ಯಾಗ ಬೈಸಿಕೊಂಡು ಗಾಡ್ಯಾಗ ಬಂದು ಕುಂದರತೀವಿ, ಅದೊಂದೇ ಸುಖ. ಅದನ್ನೂ ತಗದುಬಿಟ್ರಲ್ಲ ಸಾಬ್ ಜಪಾನಿನವ್ರು!"

ಉರುಕುಂದ ತಲುಪಿದಾಗ ಪೂಜೆ ಮುಗಿದಿತ್ತು. ಮದುಮಗ ತೆಳ್ಳಗಿನ, ನಾಚಿಕೆಯ ಹುಡುಗ. ಕೂರು ಎಂದರೆ ಕೂರುವವನು. ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ಸೋದರಮಾವ ಸ್ವಾಮಿರಾಯರು ಜರಿ ರುಮಾಲು ಸುತ್ತಿಕೊಂಡು, ತೊಡೆಯ ಮೇಲೆ ಲಾಡುವಿನ ದೊಡ್ಡ ಡಬ್ಬಿ ಇಟ್ಟುಕೊಂಡು ಹಿಂದಿನ ಸೀಟನ್ನು ಪೂರ್ತಿ ತುಂಬಿದರು. ಹೊರಡುವ ಮುಂಚೆ ಮದುಮಗನ ತಾಯಿ ಕಣ್ಣು ಒರೆಸಿಕೊಂಡು ಕಿಟಕಿಯಿಂದ ಮಗನ ಮೇಲೆ ಬೊಗಸೆ ತುಂಬ ಅಕ್ಷತೆ ಹಾಕಿದರು. ಆಮೇಲೆ ನಾನು ಬೆಲ್ಟನ್ನು ಎಳೆದು ಕೊಂಡಿಯಲ್ಲಿ ಸಿಕ್ಕಿಸಿದೆ. ‘ಕ್ಲಿಕ್’ ಎನ್ನಬೇಕಿದ್ದದ್ದು ‘ಕರಕ್’ ಎಂದಿತು. ಪರದೇಶದ ಸಾಮಾನು, ಬಿಗಿ ಇರುತ್ತದೆ ಎಂದುಕೊಂಡೆ.

"ಮದುಮಗನ್ನ ಕಟ್ಟಿ ಒಯ್ತೀರೇನ್ರಿ ಮಾಸ್ತರ್ರ?" ಎಂದು ಸ್ವಾಮಿರಾಯರು ಹೊಟ್ಟೆ ಕುಣಿಸಿ ನಕ್ಕರು. "ನಮ್ಮ ಹುಡುಗ ಓಡಿಹೋಗೋ ಪೈಕಿ ಅಲ್ಲ!"

ಕೋಸಗಿ ದಾಟುವ ತನಕ ಅವರ ನಗು ನಿಂತಿರಲಿಲ್ಲ. ದಾಟಿದ ಮೇಲೆ ನಿಂತಿತು. ಒಂದು ತಿರುವಿನಲ್ಲಿ, ಹತ್ತಿ ಹೊಲದ ಬದುವಿನಿಂದ ಎಮ್ಮೆಗಳ ಹಿಂಡೊಂದು ಇದ್ದಕ್ಕಿದ್ದಂತೆ ರಸ್ತೆಗೆ ಇಳಿಯಿತು. ನಾನು ಎರಡೂ ಕಾಲಿನಿಂದ ಬ್ರೇಕಿನ ಮೇಲೆ ನಿಂತೆ! ಕಾರು ಚೀರಿಕೊಂಡು, ಮುಂದಿನ ಎಮ್ಮೆಯ ಹೊಟ್ಟೆಗೆ ಒಂದು ಗೇಣು ಬಿಟ್ಟು ನಿಂತಿತು. ಎಮ್ಮೆ ನಮ್ಮನ್ನು ಒಮ್ಮೆ ನೋಡಿ ಮೆಲುಕು ಹಾಕಿತು.

ಮದುಮಗ ಮುಂದಕ್ಕೆ ಹೋದ. ಬೆಲ್ಟು ಅವನನ್ನು ಗಪ್ಪನೆ ಹಿಡಿದು ತಡೆಯಿತು. ಗಾಜಿಗೆ ಅವನ ಮೂಗು ಮುಟ್ಟಲಿಲ್ಲ. ನಾನೂ ನನ್ನ ಜಾಗದಲ್ಲೇ ಇದ್ದೆ. ಆದರೆ ಲಾಡುಗಳಿಗೆ ಬೆಲ್ಟು ಇರಲಿಲ್ಲ. ಅವು ನಮ್ಮ ತಲೆಯ ಮೇಲಿಂದ ಹಾರಿ ಎದುರಿನ ಗಾಜಿಗೆ ಬಡಿದು ಬೂಂದಿಯಾದವು. ಅವುಗಳ ಹಿಂದೆಯೇ ಜರಿ ರುಮಾಲು ಬಂತು. ರುಮಾಲಿನ ಹಿಂದೆ, ನಮ್ಮಿಬ್ಬರ ಸೀಟುಗಳ ನಡುವೆ, ಸ್ವಾಮಿರಾಯರ ತಲೆ ಬಂತು.

ಯಾರಿಗೂ ಪೆಟ್ಟಾಗಿರಲಿಲ್ಲ. ಮದುಮಗ ಬೆಲ್ಟನ್ನು ಮುಟ್ಟಿ ನೋಡಿಕೊಂಡು ಮೆಲ್ಲಗೆ ಹೇಳಿದ: "ಇದು ಇರಲಿಲ್ಲಂದ್ರ ಇವತ್ತು ನನ್ನ ಮಾರಿ ನೋಡೋ ಹಂಗ ಇರತಿರಲಿಲ್ರಿ."

ಆ ಕ್ಷಣ ಆ ಬೆಲ್ಟನ್ನು ಹೊಲಿದ ಯಾರೋ ಕಾಣದ ಜಪಾನಿನವನಿಗೆ ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ. ನಿಜವಾಗಿಯೂ.

ಸ್ವಾಮಿರಾಯರು ಸೀಟುಗಳ ನಡುವಿನಿಂದಲೇ ನುಡಿದರು: "ಮಾಸ್ತರ್ರ, ನನಗೂ ಒಂದು ಕಟ್ರಿ."

ಹಿಂದೆಯೂ ಬೆಲ್ಟು ಇತ್ತು. ಅವರ ಸುತ್ತಳತೆಗೆ ಸಾಲಲಿಲ್ಲ. ಅವರು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಆದೋನಿಗೆ ಬಂದರು.

ಮದುವೆಯ ಛತ್ರ ಬೆಟ್ಟದ ಬುಡದಲ್ಲಿ, ಏರು ರಸ್ತೆಯ ಮೇಲೆ ಇತ್ತು. ಬ್ಯಾಂಡಿನವರು ಸಿದ್ಧರಾಗಿದ್ದರು. ಹೆಂಗಸರು ಆರತಿ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರ ಮುಂದೆ ನನ್ನ ಹೆಂಡತಿಯ ಅಜ್ಜಿ ಕಾಶಮ್ಮ. ನಾನು ಕಾರನ್ನು ಚಪ್ಪರದ ಬಾಗಿಲಿಗೆ, ಮೂತಿ ಆಕಾಶ ನೋಡುವಂತೆ, ಗಂಭೀರವಾಗಿ ತಂದು ನಿಲ್ಲಿಸಿದೆ. ಬ್ಯಾಂಡು ಮೊಳಗಿತು. ಶ್ರೀನಿವಾಸ ಮುಂದೆ ಬಂದು ಮದುಮಗನ ಕಡೆಯ ಬಾಗಿಲು ತೆರೆದ. ಗಡಿಬಿಡಿಯಲ್ಲಿ ನಾನು ಕೀಲಿ ತಿರುಗಿಸಿ ಇಂಜಿನ್ ಆರಿಸಿರಲಿಲ್ಲ. ಒಳಗಿನ ಹೆಂಗಸು ಮಾತಾಡಿದಳು.

ಆರತಿ ನಿಂತಿತು. ಬ್ಯಾಂಡೂ ನಿಂತಿತು.

"ಯಾರಕಿ?" ಎಂದರು ಕಾಶಮ್ಮಜ್ಜಿ.

"ಯಾರೂ ಇಲ್ಲಜ್ಜಿ, ಕಾರು," ಎಂದೆ.

"ಕಾರಿನ್ಯಾಗ ಯಾರಕಿ ಅಂತ ಕೇಳಾಕತ್ತೀನಿ!"

ಇತ್ತ ಮದುಮಗ ಇಳಿಯಲು ಎದ್ದ. ಬೆಲ್ಟು ಅವನನ್ನು ಮತ್ತೆ ಕೂರಿಸಿತು. ನಾನು ಕೊಂಡಿಯ ಗುಂಡಿ ಒತ್ತಿದೆ. ಬಿಡಲಿಲ್ಲ. ಹೆಬ್ಬೆರಳು ಕೆಂಪಾಗುವ ತನಕ ಒತ್ತಿದೆ. ಒಳಗೆ ‘ಕರಕ್ ಕರಕ್’ ಎಂದಿತು. ಆಗ ಅರ್ಥವಾಯಿತು: ತಾಯಿಯ ಆಶೀರ್ವಾದವೆಲ್ಲ ಕೊಂಡಿಯೊಳಗೆ ಇಳಿದಿತ್ತು. ಅಕ್ಷತೆ!

ಮದುಮಗನನ್ನು ಅಡಿಯಿಂದ ನುಸುಳಿಸೋಣವೆಂದು ಬೆಲ್ಟನ್ನು ಜಗ್ಗಿದೆ. ಒಂದು ಕೂದಲಿನಷ್ಟೂ ಬರಲಿಲ್ಲ. ಮುಹೂರ್ತದ ಗಾಬರಿಯಲ್ಲಿ ತಾನು ಹೇಳಿದ ಪಾಠವನ್ನೇ ಮರೆತು ಶ್ರೀನಿವಾಸನೂ ಜಗ್ಗಿದ. ನಮ್ಮಿಬ್ಬರ ಜೊತೆ ಕ್ಲಾರಿಯೊನೆಟ್ ಊದುವವನೂ ಸೇರಿದ. ಬಾಗಿಲು ತೆರೆದೇ ಇದ್ದುದರಿಂದ ಆ ಹೆಂಗಸು ಬಿಟ್ಟು ಬಿಟ್ಟು ನಮಗೆ ಬುದ್ಧಿ ಹೇಳುತ್ತಲೇ ಇದ್ದಳು. ಅಷ್ಟರಲ್ಲಿ ಒಳಗಿನಿಂದ ಪುರೋಹಿತರು, "ಮುಹೂರ್ತ ಹತ್ತಿರಾತು, ವರನ್ನ ಕರಕೊಂಡು ಬರ್ರಿ!" ಎಂದು ಕೂಗಿದರು.

"ಕತ್ತರಿ ತರ್ರಿ, ಕತ್ತರಿಸಿಬಿಡೋಣ," ಎಂದರು ಯಾರೋ.

"ಶುಭಕಾರ್ಯದಾಗ ಕತ್ತರಿ ಹೆಸರು ಎತ್ತಬ್ಯಾಡ್ರಿ!" ಅಜ್ಜಿ ಗದರಿದರು.

"ಯಾರಾರ ಅದಕ್ಕ ಕೈ ಹಚ್ಚೀರಿ, ನೋಡ್ರಿ!" ಎಂದು ಇನ್ನೊಂದು ಧ್ವನಿ. ಸ್ವಾಮಿರಾಯರು! ತಲೆಯ ಮೇಲೆ ಬೂಂದಿ, ಕಣ್ಣಲ್ಲಿ ಕೆಂಡ. "ನಮ್ಮ ಹುಡುಗನ್ನ ಉಳಿಸಿದ್ದೇ ಆ ಬೆಲ್ಟು! ಅದನ್ನ ಕತ್ತರಿಸ್ತೀರೇನು?"

ಪದ್ಮಾ ನನ್ನ ಕಿವಿಯ ಹತ್ತಿರ ಬಂದು ನಿಂತಳು. "ಏನು ಮಾಡೀರಿ?"

"ಸುರಕ್ಷತೆ," ಎಂದೆ.

"ಆ ಹುಡುಗನ್ನ ಹಂಗೇ ಸೀಟು ಸಹಿತ ಕಿತ್ತು ಮಂಟಪಕ್ಕ ಒಯ್ಯೋದೇನು?"

ಒಂದು ಕ್ಷಣ ನಾನು ಆ ಸೂಚನೆಯನ್ನು ಗಂಭೀರವಾಗಿ ಪರಿಶೀಲಿಸಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಆಗ ಮಹಡಿಯ ಕಿಟಕಿಯಿಂದ ಧ್ವನಿ ಬಂತು. "ಭಾವ! ಕಾರು ಏರಿನ್ಯಾಗ ನಿಂತೈತಿ. ಓರೆ ನಿಂತ್ರ ಬೆಲ್ಟು ಬಿಡಂಗಿಲ್ಲ. ಸಮ ಜಾಗಕ್ಕ ಒಯ್ರಿ!"

ಎಲ್ಲರೂ ತಲೆ ಎತ್ತಿದೆವು. ಸುಧಾ! ಬಾಸಿಂಗ ಕಟ್ಟಿಕೊಂಡ ಮದುಮಗಳು ಅರ್ಧ ದೇಹ ಕಿಟಕಿಯಿಂದ ಹೊರಗೆ ಚಾಚಿ ನಿಂತಿದ್ದಳು. ಕಾರು ಬಂದಾಗಿನಿಂದ ಅಣ್ಣನ ಹಿಂದೆ ಬಿದ್ದು ಅದರ ಒಂದೊಂದು ವಿದ್ಯೆಯನ್ನೂ ಕೇಳಿ ತಿಳಿದುಕೊಂಡಿದ್ದವಳು ಅವಳು. ನಾನು ‘ಗೊತ್ತೈತಿ’ ಎಂದದ್ದನ್ನು ಅವಳು ‘ಯಾಕಣ್ಣ?’ ಎಂದು ಕೇಳಿದ್ದಳು. ಅಷ್ಟೇ ವ್ಯತ್ಯಾಸ.

ನಾನು ಕಾರನ್ನು ಹಿಂದಕ್ಕೆ ಬಿಟ್ಟೆ. ವರನೇ ಹಿಂದಕ್ಕೆ ಹೊರಟಿದ್ದನ್ನು ಕಂಡು ಬ್ಯಾಂಡಿನವರಿಗೆ ಏನು ಮಾಡಬೇಕೆಂದು ತೋಚದೆ, ಅವರೂ ಬಾರಿಸುತ್ತಾ ನಮ್ಮನ್ನು ಹಿಂಬಾಲಿಸಿದರು. ಆರತಿಯವರೂ ಬಂದರು. ಬೀದಿಯ ಕೊನೆಯ ಸಮತಟ್ಟು ಜಾಗ ತಲುಪುವ ಹೊತ್ತಿಗೆ ಆದೋನಿಯ ಅರ್ಧ ಊರು ಸೇರಿತ್ತು. ಮದುಮಗಳೂ ಸೇರಿದ್ದಳು! ಸೀರೆಯ ನೆರಿಗೆ ಎತ್ತಿ ಹಿಡಿದು ಇಳಿದು ಬಂದು, ಜನರನ್ನು ಸರಿಸಿ, ಕಾರಿನೊಳಗೆ ಬಗ್ಗಿದಳು.

"ಮುಹೂರ್ತಕ್ಕ ಮುಂಚೆ ಮಾರಿ ನೋಡಬಾರದು ಏ ಹುಡುಗಿ!" ಅಜ್ಜಿ ಕಿರುಚಿದರು.

"ಮಾರಿ ನೋಡೋದಿಲ್ಲಜ್ಜಿ, ಬೆಲ್ಟು ನೋಡತೀನಿ," ಎಂದಳು ಸುಧಾ. ಆಮೇಲೆ ಮದುಮಗನೊಡನೆ, ಅವನ ಮುಖ ನೋಡದೆ, ತನ್ನ ಮೊದಲ ಮಾತು ಆಡಿದಳು: "ಉಸಿರು ಹೊರಗ ಬಿಡ್ರಿ. ಜಗ್ಗಬ್ಯಾಡ್ರಿ."

ಅವನು ಉಸಿರು ಬಿಟ್ಟ. ಅವಳು ಮಲ್ಲಿಗೆ ದಂಡೆ ಬಿಚ್ಚುವಷ್ಟು ನಿಧಾನವಾಗಿ ಬೆಲ್ಟನ್ನು ಎಳೆದಳು. ಅದು ಸಾಧುವಾಗಿ ಬಂತು. ಬರುತ್ತಲೇ ಹೋಯಿತು. ಮದುಮಗ ಮೊದಲು ಒಂದು ಭುಜ, ಆಮೇಲೆ ತಲೆ, ಆಮೇಲೆ ಮಂಡಿಗಳನ್ನು ಬಿಡಿಸಿಕೊಂಡು ಹೊರಗೆ ಬಂದು ಅವಳೆದುರು ನಿಂತ. ಇಬ್ಬರೂ ಮುಖ ನೋಡಿಕೊಂಡರು. ಅಜ್ಜಿ ಸೆರಗಿನಿಂದ ಸ್ವಂತ ಕಣ್ಣು ಮುಚ್ಚಿಕೊಂಡರು. ಊರಿನ ಜನ ಚಪ್ಪಾಳೆ ಹೊಡೆದರು. ಗುಂಪಿನಲ್ಲಿದ್ದ ಖಾದರ್ ಸಾಬ ನನ್ನ ಭುಜದ ಮೇಲೆ ಕೈಯಿಟ್ಟು, "ಬೆಲ್ಟು ಎಷ್ಟು ಗಟ್ಟಿ ಐತಿ ಸಾಬ್! ನನ್ನ ಗಾಡಿಗೂ ಹಾಕಸ್ತೀನಿ," ಎಂದ.

ಮದುವೆ ಮುಹೂರ್ತಕ್ಕೆ ಸರಿಯಾಗಿ ನಡೆಯಿತು. ಮದುಮಗನ ತಾಯಿ, ಆಮೇಲೆ ಬಂದವರಿಗೆಲ್ಲ ಸುಧಾಳನ್ನು ತೋರಿಸಿ, "ಈಕಿನೇ ನನ್ನ ಮಗನ್ನ ಬಿಡಿಸಿದಾಕಿ," ಎಂದು ಹೇಳಿಕೊಂಡು ತಿರುಗಿದರು.

ಊಟದ ಪಂಕ್ತಿಯಲ್ಲಿ ನಾನು ತಲೆ ತಗ್ಗಿಸಿ ಕೂತಿದ್ದೆ. ಪಕ್ಕದಲ್ಲೇ ಹೊಸ ಷಡ್ಡಕ. ಅವನೇ ಮಾತು ತೆಗೆದ. "ಬ್ಯಾಸರಾ ಮಾಡ್ಕೋಬ್ಯಾಡ್ರಿ. ಎಂಥಾ ಕಾರ್ರೀ ಅದು! ಎಮ್ಮಿ ಬಂದಾಗ ನನ್ನ ಹ್ಯಾಂಗ ಹಿಡೀತು ಅಂತೀರಿ! ನಾಳೆ ರಾಯಚೂರಿಗೆ ನಾವು ಅದರಾಗ ಹೋಗಬೇಕಂತ ಸುಧಾನೂ ಹೇಳ್ಯಾಳ."

ನನ್ನ ಎದೆ ಉಬ್ಬಿತು. ವಿಜ್ಞಾನ ಗೆದ್ದಿತ್ತು! "ಎಷ್ಟೊತ್ತಿಗೆ ಹೊರಡೋಣ?" ಎಂದು ಕೇಳಿದೆ.

ಷಡ್ಡಕ ಬಹಳ ಸಭ್ಯ ಹುಡುಗ. ಸ್ವಲ್ಪ ಹೊತ್ತು ಸಾರು ಕಲಸಿದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ:

"ಕಾರಿನ್ಯಾಗ ಎಲ್ಲಾ ಚಲೋ ಐತ್ರಿ. ಡ್ರೈವರ್ ಒಬ್ರನ್ನ ಬದಲಿ ಮಾಡಿದ್ರ ಸಾಕು."