ಮಾವನವರು ಮತ್ತು ನನ್ನ ಲಾನು

ಮನುಷ್ಯನಾದವನಿಗೆ ಒಂದಿಲ್ಲೊಂದು ಹಟ ಇರಲೇಬೇಕು. ಕೆಲವರು ಮಗಳನ್ನು ಡಾಕ್ಟರನಿಗೇ ಕೊಡುತ್ತೇನೆಂದು ಹಟ ಹಿಡಿಯುತ್ತಾರೆ, ಕೆಲವರು ತಮ್ಮನ ಜೊತೆ ಮಾತಾಡುವುದೇ ಇಲ್ಲವೆಂದು. ನಾನು ಹಿಡಿದದ್ದು ಹುಲ್ಲಿನ ಹಟ. ಅದೂ ಇಳಕಲ್ಲಿನಲ್ಲಿ! ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಆಗ ಮನೆಯ ಮುಂದೆ ಜಾಗವಿದ್ದವರು ಎಮ್ಮೆ ಕಟ್ಟುತ್ತಿದ್ದರು, ಇಲ್ಲವೇ ಬಣ್ಣ ಹಾಕಿದ ನೂಲು ಒಣಗಿಸುತ್ತಿದ್ದರು. ಹುಲ್ಲು ಬೆಳೆಸಿ, ಅದನ್ನು ಎಮ್ಮೆಗೂ ಹಾಕದೆ, ಸುಮ್ಮನೆ ನೋಡುತ್ತ ಕೂಡುವ ಗಂಡಸನ್ನು ನಮ್ಮ ಓಣಿ ಅಲ್ಲಿಯವರೆಗೆ ಕಂಡಿರಲಿಲ್ಲ.

ಇದಕ್ಕೆಲ್ಲ ಕಾರಣ ನಮ್ಮ ಸಾಹೇಬರು. ಮೈಸೂರು ಕಡೆಯಿಂದ ನಮ್ಮ ಕಚೇರಿಗೆ ವರ್ಗವಾಗಿ ಬಂದವರು, ಬಂದ ದಿನದಿಂದ ಕಿಟಕಿಯಾಚೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಒಂದು ದಿನ ಎಲ್ಲರೆದುರು, "ಏನ್ರೀ, ನಿಮ್ಮೂರಲ್ಲಿ ಹಸಿರು ನೋಡ್ಬೇಕು ಅಂದ್ರೆ ಸೀರೆ ಅಂಗಡಿಗೇ ಹೋಗ್ಬೇಕಾ?" ಎಂದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ಸಾಹೇಬರ, ದೀಪಾವಳಿ ಪಾಡ್ಯಾಕ್ಕ ನಮ್ಮ ಮನಿಗೆ ಬರ್ರಿ. ಹಸರ ಲಾನಿನ ಮ್ಯಾಲೆ ಕುಂಡ್ರಿಸಿ ಚಹಾ ಕುಡಸ್ತೇನಿ!" ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಊರೆಲ್ಲ ಆಗಿತ್ತು. ಇನ್ನು ಹುಲ್ಲು ಬೆಳೆಯದಿದ್ದರೆ ನಾನು ಕಚೇರಿಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ಹೆಂಡತಿ ಶಾಂತಾಳಿಗೆ ಹೇಳಿದೆ. "ಆ ಜಾಗಾದಾಗ ನಾ ಮೆಂತೇಪಲ್ಲೆ ಹಾಕಬೇಕಂತ ಮಾಡೇನಿ. ನಿಮ್ಮ ಲಾನ್ ಒಗ್ಗರಣಿಗೆ ಬರತೈತೇನ?" ಎಂದಳು. ಮರುದಿನವೇ ಬಾದಾಮಿ ಬಸ್ಸು ಹತ್ತಿದೆ. ಅಲ್ಲೊಂದು ಬಂಗಲೆಯ ಮುಂದೆ ಚೆಂದದ ಲಾನು ನೋಡಿದ್ದೆ. ಬೇಡಿಕೊಂಡು ಒಂದು ಚೀಲ ಬೇರು ಕಿತ್ತು ತಂದೆ. ನೋಡಿದರೆ ಅದು ಮತ್ತೇನಲ್ಲ, ಗಣಪತಿಗೆ ಏರಿಸುವ ಗರಿಕೆ, ನಮ್ಮ ಕಡೆಯವರ ಬಾಯಲ್ಲಿ ಕರಿಕಿ. ಬಸ್ಸಿನಲ್ಲಿ ಕಂಡಕ್ಟರ್, "ದನಕ್ಕೇನ್ರಿ?" ಎಂದ. "ಇಲ್ಲೋ ಮಾರಾಯಾ, ನಮಗ," ಎಂದೆ. ಆಮೇಲೆ ಹುನಗುಂದದವರೆಗೆ ಅವನು ನನ್ನ ಹತ್ತಿರ ಸುಳಿಯಲಿಲ್ಲ.

ನೆಟ್ಟೆ. ಸ್ನಾನದ ನೀರು, ಅಕ್ಕಿ ತೊಳೆದ ನೀರು, ಅತಿಥಿಗಳು ಕುಡಿದು ಉಳಿಸಿದ ನೀರು, ಎಲ್ಲ ಅದಕ್ಕೇ. ಕುಪ್ಪಸ ಹೊಲಿಯುವ ಶಾಂತಾಳ ಕತ್ತರಿ ಕದ್ದು ತಂದು, ಮಂಡಿಯೂರಿ ತುದಿ ಸಮ ಮಾಡಿದೆ. "ಅಕ್ಕಾರ, ನಿಮ್ಮ ಯಜಮಾನ್ರು ಹುಲ್ಲಿಗೆ ಕ್ಷೌರ ಮಾಡಾಕತ್ತಾರ," ಎಂದು ಎದುರುಮನೆಯ ಗಂಗಮ್ಮ ಕೂಗಿ ಹೇಳಿದಳು. ಗಣೇಶ ಚವತಿಗೆ ಓಣಿಗೆ ಓಣಿಯೇ ತಟ್ಟೆ ಹಿಡಿದು ಬಂತು. ದೇವರಿಗೆ ಒಲ್ಲೆ ಎನ್ನುವ ಎದೆ ಯಾರಿಗಿದೆ? ಬೇರು ಕಿತ್ತಾರೆಂದು ಹೆದರಿ ನಾನೇ ಕುಳಿತು ಕುಡಿ ಚಿವುಟಿ ಹಂಚಿದೆ. ಇಷ್ಟಾದರೂ ಹುಲ್ಲು ಹಬ್ಬಿತು. ಬೆಳಿಗ್ಗೆ ಬರಿಗಾಲಲ್ಲಿ ಅದರ ಮೇಲೆ ನಿಂತರೆ ನನಗೆ ಖುಷಿಯಿಂದ ಕಣ್ಣು ತುಂಬುತ್ತಿತ್ತು.

ಮಹಾನವಮಿಯ ಹೊತ್ತಿಗೆ ಮಾವನವರು ಬಂದರು. ಅಮೀನಗಡದ ಹತ್ತಿರದ ಹಳ್ಳಿಯವರು, ಎರೆ ಮಣ್ಣಿನ ರೈತರು. ಎರೆ ಹೊಲದವರಿಗೆ ಕರಿಕಿ ಎಂದರೆ ಜನ್ಮದ ವೈರಿ. ಒಮ್ಮೆ ಹೊಕ್ಕರೆ ಜೋಳವನ್ನು ಏಳಗೊಡುವುದಿಲ್ಲ, ಬೇಸಿಗೆಯುದ್ದಕ್ಕೂ ಆಳವಾಗಿ ಅಗೆದು ಬೇರು ಆರಿಸಬೇಕು. ಅಂಥವರು ಬಸ್ಸಿಳಿದು ಬಂದು ನೋಡುತ್ತಾರೆ, ಮಗಳ ಮನೆಯ ಬಾಗಿಲಲ್ಲೇ ವೈರಿ ಹಾಸಿಕೊಂಡು ಮಲಗಿದ್ದಾನೆ!

ನಾನು ಸಂಜೆ ಕಚೇರಿಯಿಂದ ಬಂದಾಗ ಅಂಗಳ ಗಳೆ ಹೊಡೆದು ಉತ್ತ ಹೊಲವಾಗಿತ್ತು. ನಡುವೆ ಮಾವನವರು, ಕೈಯಲ್ಲಿ ಗುದ್ದಲಿ, ಮೈತುಂಬ ಬೆವರು. "ಬರ್ರಿ ಅಳಿಯಂದ್ರ! ಕರಿಕಿ ಹೊಕ್ಕರ ಮನಿತಾನ ಮುಳಗತೈತಿ. ಪಾಪ, ಆಫೀಸಿನಾಗ ದುಡಿಯೋರಿಗೆ ಹೊತ್ತೆಲ್ಲಿ ಸಿಗಬೇಕು ಅಂತ ನಾನ ಅಗದೆ. ಒಂದ ಬೇರ ಬಿಟ್ಟಿಲ್ಲ ನೋಡ್ರಿ!" ಎಂದು ಬೊಬ್ಬೆ ಎದ್ದ ಅಂಗೈಯಿಂದಲೇ ನನ್ನ ಬಾಯಿಗೆ ಅಮೀನಗಡದ ಕರದಂಟು ಇಟ್ಟರು. ಬಾಯಲ್ಲಿ ಅಂಥ ಅಂಟಿನ ಸಿಹಿ ಇದ್ದಾಗ ಅಳುವುದಕ್ಕೂ ಆಗುವುದಿಲ್ಲ, ಬೈಯುವುದಕ್ಕೂ ಆಗುವುದಿಲ್ಲ. ಆ ಅಂಗೈ ನೋಡಿದ ಮೇಲೆ ಬೈಯುವ ಮನಸ್ಸೂ ಆಗಲಿಲ್ಲ. ಗುದ್ದಲಿ ತೆಗೆದುಕೊಟ್ಟವರು ಯಾರೆಂದು ನಾನು ಕೇಳಲಿಲ್ಲ. ಮರುದಿನ ಶಾಂತಾ ಅಲ್ಲಿ ಮೆಂತೆ ಬಿತ್ತಿದಳು.

ಸೋಲುವ ಜಾತಿ ನನ್ನದಲ್ಲ. ಮತ್ತೆ ಬಾದಾಮಿಗೆ ಹೋಗುವುದೆಂದು ಚೀಲ ಝಾಡಿಸಿಟ್ಟೆ. ಆದರೆ ಹಸ್ತ ಮಳೆ ಹಿಡಿಯಿತು, ಹೋಗಲಾಗಲಿಲ್ಲ. ಪಾಡ್ಯ ಹತ್ತಿರ ಬಂತು. ಸಾಹೇಬರು ದಿನವೂ, "ಲಾನ್ ಹೇಗಿದೆ?" ಎನ್ನುತ್ತಿದ್ದರು. "ಬರ್ರಲ್ಲ, ನೋಡೀರಂತ," ಎನ್ನುತ್ತಿದ್ದೆ, ಒಳಗೊಳಗೇ ಬೆವರುತ್ತ. ಹೀಗಿರುವಾಗ ಒಂದು ಬೆಳಿಗ್ಗೆ ಕಸದ ಬುಟ್ಟಿ ಹೊತ್ತು ಹಿತ್ತಲಿಗೆ ಹೋದವನು ಅಲ್ಲೇ ನಿಂತುಬಿಟ್ಟೆ. ಮಾವನವರು ಕಿತ್ತೆಸೆದ ಬೇರೆಲ್ಲ ಗೊಬ್ಬರದ ತಿಪ್ಪೆಯ ಮೇಲೆ ಚಿಗುರಿ, ಹಬ್ಬಿ, ತಿಪ್ಪೆಯೇ ಕಾಣದಂತೆ ಮುಚ್ಚಿತ್ತು. ನಾನು ಕತ್ತರಿ ಹಿಡಿದು ಸಾಕಿದಾಗಲೂ ಅದಕ್ಕೆ ಅಂಥ ಹಸಿರು ಬಂದಿರಲಿಲ್ಲ!

ಪಾಡ್ಯದ ದಿನ ನಮ್ಮಲ್ಲಿ ತಿಪ್ಪೆಗೂ ಪೂಜೆ. ಶಾಂತಾ ಸಗಣಿಯಿಂದ ಪುಟ್ಟ ಪಾಂಡವರ ಗೊಂಬೆ ಮಾಡಿ, ಹೂವೇರಿಸಿ, ತಿಪ್ಪೆಯ ಒಂದು ಮೂಲೆಯಲ್ಲಿಟ್ಟಳು. ನಾನು ಹುಲ್ಲಿನ ಅಂಚಿಗೆ ಎರಡು ಕುರ್ಚಿ ಹಾಕಿದೆ. ಹೇಳಿದ ಹೊತ್ತಿಗೆ ಸಾಹೇಬರು ಬಂದರು. "ಇವತ್ತ ತಿಪ್ಪಿ ಅಂದ್ರ ಲಕ್ಷ್ಮಿ. ಬೂಟ ಕಳದ ಕುಂಡರ್ರಿ ಸಾಹೇಬರ," ಎಂದಳು ಶಾಂತಾ. ಅವರಿಗೆ ತಿಪ್ಪೆ ಎಂಬ ಮಾತು ಕಿವಿಗೆ ಬಿದ್ದಂತೆ ಕಾಣಲಿಲ್ಲ, ಕಣ್ಣೆಲ್ಲ ಹುಲ್ಲಿನ ಮೇಲೇ ಇತ್ತು. ಬರಿಗಾಲು ಇಟ್ಟು ಕಣ್ಣು ಮುಚ್ಚಿದರು. "ಒಪ್ಕೊಂಡೆ ಕಣ್ರೀ. ನಮ್ಮೂರು ನೆನಪಾಯ್ತು. ಏನ್ ಗೊಬ್ಬರ ಹಾಕಿದ್ರಿ?"

ನಾನು ಗೆದ್ದೆನೆಂದು ಚಹಾದ ಬಸಿ ಎತ್ತಿದೆ. ಅಷ್ಟರಲ್ಲಿ ಹಬ್ಬಕ್ಕೆ ಬಂದಿದ್ದ ಮಾವನವರು ಹಿತ್ತಲಿಗೆ ಬಂದರು. ಸಾಹೇಬರಿಗೆ ಕೈ ಮುಗಿದರು. ಕಾಲ ಕೆಳಗೆ ನೋಡಿದರು. ಮುಖ ಕಪ್ಪಿಟ್ಟಿತು.

"ಶಾಂತಾ," ಎಂದರು, "ಗುದ್ದಲಿ ಎಲ್ಲೈತೆವ್ವಾ?"

ಗುದ್ದಲಿ ನಾನು ಕುಳಿತ ಕುರ್ಚಿಯ ಕೆಳಗೇ ಇತ್ತು, ಬೆಳಿಗ್ಗೆಯೇ ತಂದು ಬಚ್ಚಿಟ್ಟಿದ್ದೆ. ಸಾಹೇಬರು ಚಹಾ ಮುಗಿಸಿ ಎದ್ದು ಮನೆಗೆ ಹೋದರು, ಗುದ್ದಲಿ ಮಾವನವರ ಕಣ್ಣಿಗೆ ಬಿದ್ದೀತೆಂದು ನಾನು ಕಳಿಸಲೂ ಏಳಲಿಲ್ಲ.